ಕೋಳಿ ಅಡುಗೆಗೆ ಆ ವೈನ್ ಇಲ್ಲದಿದ್ದರೆ ಈ ವೈನ್ ಆಗುತ್ತದೆಯೇ?

ಯೂಟ್ಯೂಬ್‌ನಲ್ಲಿ ಫ್ರೆಂಚ್ ಅಥವಾ ಇಟಾಲಿಯನ್ ಕೋಳಿ ಅಡುಗೆ ನೋಡಿ ಮಾಡಲು ಹೊರಟವರೆಲ್ಲ ಒಂದು ಕಡೆ ನಿಲ್ಲುತ್ತಾರೆ. ಈರುಳ್ಳಿ ಬಾಡಿದೆ, ಕೋಳಿ ತುಂಡುಗಳು ಕೆಂಪಗಾಗಿವೆ, ಅಷ್ಟರಲ್ಲಿ ವಿಡಿಯೋದವರು "ಈಗ ಅರ್ಧ ಕಪ್ ಡ್ರೈ ವೈಟ್ ವೈನ್ ಹಾಕಿ" ಎನ್ನುತ್ತಾರೆ. ಮನೆಯಲ್ಲಿ ಇರುವುದು ಯಾರೋ ಗೋವಾದಿಂದ ತಂದುಕೊಟ್ಟ ಸಿಹಿ ಪೋರ್ಟ್ ವೈನ್, ಇಲ್ಲವೇ ಪಕ್ಕದ ಮನೆಯವರು ಕ್ರಿಸ್‌ಮಸ್‌ಗೆ ಕೊಟ್ಟ ದ್ರಾಕ್ಷಿ ವೈನ್. ಅದನ್ನೇ ಹಾಕಿದರೆ ಏನಾದೀತು?

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು ಶಿಸ್ತಿನವರದು: ಹೇಳಿದ ವೈನೇ ಬೇಕು, ಇಲ್ಲದಿದ್ದರೆ ಆ ಅಡುಗೆಯನ್ನೇ ಮಾಡಬೇಡಿ. ಎರಡನೆಯದು ಉದಾರಿಗಳದು: ವೈನ್ ಅಂದರೆ ವೈನ್, ಯಾವುದಾದರೇನು, ಹೇಗೂ ಕುದಿಸಿದಾಗ ಆಲ್ಕೋಹಾಲ್ ಎಲ್ಲ ಆವಿಯಾಗಿ ಹೋಗುತ್ತದೆ. ಎರಡೂ ತಪ್ಪು. ಎರಡನೆಯದರಲ್ಲಿ ಇರುವ ತಪ್ಪು ರುಚಿಗಷ್ಟೇ ಸಂಬಂಧಿಸಿದ್ದಲ್ಲ, ಕೆಲವರ ಆರೋಗ್ಯಕ್ಕೂ ಸಂಬಂಧಿಸಿದ್ದು. ಅದರ ವಿಷಯಕ್ಕೆ ಆಮೇಲೆ ಬರೋಣ.

ನಾನೂ ಒಮ್ಮೆ ಉದಾರಿಯಾಗಿದ್ದೆ. ಕ್ರಿಸ್‌ಮಸ್‌ನ ಮನೆ ವೈನ್ ಒಂದು ಬಾಟಲಿ ಉಳಿದಿತ್ತು. ಕೆಂಪು ವೈನಿನಲ್ಲಿ ಕೋಳಿ ಬೇಯಿಸುವ ಫ್ರೆಂಚರ 'ಕಾಕ್ ಒ ವ್ಯಾನ್' ಮಾಡಲು ಹೋಗಿ ಅಷ್ಟನ್ನೂ ಸುರಿದೆ. ಒಂದೂವರೆ ಗಂಟೆಯ ನಂತರ ಪಾತ್ರೆಯಲ್ಲಿದ್ದದ್ದು ಜಾಮ್‌ನಲ್ಲಿ ಅದ್ದಿದ ಕೋಳಿ. ಮಕ್ಕಳು ಬ್ರೆಡ್ಡಿಗೆ ಹಚ್ಚಿಕೊಳ್ಳೋಣವೇ ಎಂದು ಕೇಳಿದರು.

ಮೂಲ ವೈನ್ ಎಂಬುದು ಇದೆಯೇ?

ವೈನ್ ಬದಲಿಸಬಾರದು ಎನ್ನುವವರಿಗೆ ಇಷ್ಟವಾಗುವ ಒಂದು ಕತೆಯಿದೆ. 1800ರ ಜೂನ್ 14ರಂದು ಉತ್ತರ ಇಟಲಿಯ ಮಾರೆಂಗೊ ಎಂಬಲ್ಲಿ ನೆಪೋಲಿಯನ್ ಆಸ್ಟ್ರಿಯನ್ನರನ್ನು ಸೋಲಿಸಿದ. ಯುದ್ಧ ಮುಗಿದ ಸಂಜೆ ಅವನ ಅಡುಗೆಯವನು ಅಕ್ಕಪಕ್ಕದ ಹಳ್ಳಿಗಳಲ್ಲಿ ಸಿಕ್ಕಿದ ಕೋಳಿ, ಟೊಮೆಟೊ, ಬೆಳ್ಳುಳ್ಳಿ, ಸಿಹಿನೀರಿನ ಸೀಗಡಿಯಂಥ ಜೀವಿ, ಜೊತೆಗೆ ಸ್ವಲ್ಪ ಬ್ರಾಂಡಿ ಸೇರಿಸಿ ಒಂದು ಖಾದ್ಯ ಮಾಡಿದನಂತೆ. ಮುಂದೊಮ್ಮೆ ಅದೇ ಖಾದ್ಯದಲ್ಲಿ ಬ್ರಾಂಡಿಯ ಜಾಗದಲ್ಲಿ ವೈಟ್ ವೈನ್ ಹಾಕಿ, ಸೀಗಡಿ ಬದಲು ಅಣಬೆ ಹಾಕಿದಾಗ, ಇದರಿಂದ ಅಪಶಕುನವಾಗುತ್ತದೆ ಎಂದು ನೆಪೋಲಿಯನ್ ತಟ್ಟೆ ತಳ್ಳಿದನಂತೆ. ಆಹಾರದ ಇತಿಹಾಸ ಬರೆಯುವವರು ಈ ಕತೆಯನ್ನು ನಂಬುವುದಿಲ್ಲ. ಇನ್ನೂ ಸ್ವಾರಸ್ಯವೆಂದರೆ, ಇವತ್ತು 'ಚಿಕನ್ ಮಾರೆಂಗೊ' ಮಾಡುವವರಲ್ಲಿ ಹೆಚ್ಚಿನವರು ಹಾಕುವುದು ವೈಟ್ ವೈನ್ ಮತ್ತು ಅಣಬೆಯನ್ನೇ. ಅಪಶಕುನದ ಪಾಠವೇ ಗೆದ್ದಿತು.

ಕಾಕ್ ಒ ವ್ಯಾನ್‌ನದೂ ಇದೇ ಕತೆ. ಹೆಸರಿನ ಅರ್ಥ 'ವೈನಿನಲ್ಲಿ ಹುಂಜ' ಎಂದಷ್ಟೇ. ಯಾವ ವೈನ್ ಎಂದು ಹೆಸರು ಹೇಳುವುದಿಲ್ಲ. ಬರ್ಗಂಡಿ ಪ್ರಾಂತ್ಯದವರು ತಮ್ಮ ಪೀನೋ ನ್ವಾರ್ ದ್ರಾಕ್ಷಿಯ ಕೆಂಪು ವೈನ್ ಹಾಕುತ್ತಾರೆ. ಜರ್ಮನಿಯ ಗಡಿಗೆ ಹತ್ತಿರದ ಅಲ್ಸೇಸ್‌ನವರು ರೀಸ್ಲಿಂಗ್ ಎಂಬ ಬಿಳಿ ವೈನ್ ಹಾಕಿ ಕೊನೆಗೆ ಕೆನೆ ಬೆರೆಸುತ್ತಾರೆ. ಜೂರಾ ಬೆಟ್ಟಗಳ ಕಡೆಯವರು 'ವ್ಯಾನ್ ಜೋನ್' ಎಂಬ ಹಳದಿ ವೈನ್ ಹಾಕುತ್ತಾರೆ. ಮೂರೂ ಸಾಂಪ್ರದಾಯಿಕ, ಮೂರಕ್ಕೂ ಅಭಿಮಾನಿಗಳಿದ್ದಾರೆ. ಊರಲ್ಲಿ ಯಾವುದು ಸಿಗುತ್ತದೋ ಅದನ್ನು ಹಾಕುವುದೇ ಇಲ್ಲಿನ ಪದ್ಧತಿ. ನಮ್ಮಲ್ಲಿ ಮಂಗಳೂರಿನ ಸಾರಿಗೂ ಹುಬ್ಬಳ್ಳಿಯ ಸಾರಿಗೂ ಇರುವ ವ್ಯತ್ಯಾಸದಂತೆ.

ಆದರೆ ಒಂದು ವಿಷಯ ಗಮನಿಸಿ. ಅಲ್ಸೇಸ್‌ನವರು ವೈನ್ ಬದಲಿಸಿದಾಗ ಉಳಿದ ಅಡುಗೆಯನ್ನೂ ಬದಲಿಸಿದರು. ಬಿಳಿ ವೈನಿಗೆ ಕೆನೆ ಹಾಕಿದರು, ಕೆಂಪು ವೈನಿಗೆ ಹಾಕಲಿಲ್ಲ. ಇದು ಬರೀ ರೂಢಿಯಲ್ಲ, ಇದರ ಹಿಂದೆ ರಸಾಯನಶಾಸ್ತ್ರವಿದೆ.

ಕುದಿದ ಮೇಲೆ ಪಾತ್ರೆಯಲ್ಲಿ ಏನು ಉಳಿಯುತ್ತದೆ?

ಸಾಧಾರಣ ಟೇಬಲ್ ವೈನಿನಲ್ಲಿ 85 ಭಾಗಕ್ಕೂ ಹೆಚ್ಚು ನೀರು, 12ರಿಂದ 14 ಭಾಗ ಆಲ್ಕೋಹಾಲ್. ಉಳಿದ ಸ್ವಲ್ಪ ಭಾಗದಲ್ಲಿ ಆಮ್ಲ, ಸಕ್ಕರೆ, ಒಗರು ಕೊಡುವ ಟ್ಯಾನಿನ್, ಬಣ್ಣ, ಮತ್ತು ನೂರಾರು ಬಗೆಯ ಸುವಾಸನೆಯ ಅಣುಗಳು. ಬಾಟಲಿಯ ಬೆಲೆ ನಿರ್ಧಾರವಾಗುವುದು ಬಹುಪಾಲು ಈ ಸುವಾಸನೆಗಳಿಂದ. ಅಡುಗೆಯಲ್ಲಿ ಮೊದಲು ಹಾರಿಹೋಗುವುದೂ ಅವೇ. ವೈನ್ ಕುದಿಯುವಾಗ ಅಡುಗೆಮನೆಯೆಲ್ಲ ಘಮಘಮ ಎನ್ನುತ್ತದಲ್ಲ, ಆ ಪರಿಮಳ ತಟ್ಟೆಗೆ ಬರುವ ಬದಲು ಗಾಳಿಗೆ ಹೋಗುತ್ತಿದೆ ಎಂದರ್ಥ.

ಹಾರದೆ ಉಳಿಯುವುದು ಹುಳಿ, ಸಿಹಿ, ಒಗರು. ಅವು ಉಳಿಯುವುದಷ್ಟೇ ಅಲ್ಲ, ನೀರು ಬತ್ತಿದಂತೆ ಗಟ್ಟಿಯಾಗುತ್ತವೆ. ಒಂದು ಲೆಕ್ಕ ನೋಡೋಣ. ಅರ್ಧ ಲೀಟರ್ ವೈನನ್ನು ನೂರು ಮಿಲಿಲೀಟರಿಗೆ ಇಳಿಸಿದಿರಿ ಎನ್ನಿ. ಡ್ರೈ ವೈನ್, ಅಂದರೆ ಹುಳಿಯುವಾಗ ದ್ರಾಕ್ಷಿಯ ಸಕ್ಕರೆಯೆಲ್ಲ ಆಲ್ಕೋಹಾಲ್ ಆಗಿ ಮುಗಿದಿರುವ ವೈನಿನಲ್ಲಿ ಲೀಟರಿಗೆ ನಾಲ್ಕು ಗ್ರಾಂ ಸಕ್ಕರೆ ಇದ್ದರೆ ಹೆಚ್ಚು. ನಿಮ್ಮ ಗ್ರೇವಿಗೆ ಬರುವುದು ಎರಡು ಗ್ರಾಂ, ಅರ್ಧ ಟೀ ಚಮಚ. ಅದೇ ಪೋರ್ಟ್‌ನಂಥ ಸಿಹಿ ವೈನಾದರೆ ಲೀಟರಿಗೆ ಸುಮಾರು ನೂರು ಗ್ರಾಂ. ಆಗ ಆ ನೂರು ಮಿಲಿಲೀಟರ್ ಗ್ರೇವಿಯಲ್ಲಿ ಐವತ್ತು ಗ್ರಾಂ ಸಕ್ಕರೆ ಕೂತಿರುತ್ತದೆ, ಹನ್ನೆರಡು ಟೀ ಚಮಚದಷ್ಟು. ನನ್ನ ಜಾಮ್ ಕೋಳಿಯ ರಹಸ್ಯ ಇದೇ.

ಹುಳಿಯದ್ದೂ ಹಾಗೆಯೇ. ಒಂದು ಲೀಟರ್ ವೈನಿನಲ್ಲಿ ಸುಮಾರು ಐದರಿಂದ ಎಂಟು ಗ್ರಾಂ ಆಮ್ಲವಿರುತ್ತದೆ. ಐದು ಪಟ್ಟು ಬತ್ತಿಸಿದರೆ ಅದು ನಿಂಬೆರಸದ ಹುಳಿಯ ಅರ್ಧಕ್ಕೆ ಬಂದು ನಿಲ್ಲುತ್ತದೆ. ಬೆಣ್ಣೆ, ಕೋಳಿಯ ಕೊಬ್ಬು, ಈರುಳ್ಳಿಯ ಸಿಹಿ ಸೇರಿದಾಗ ಈ ಹುಳಿ ಹಿತವಾಗುತ್ತದೆ. ವೈನಿನಿಂದ ಕೋಳಿಗೆ ಬರುವ ಮುಖ್ಯ ಲಾಭ ಇದೇ ಎಂದು ನನ್ನ ಅಭಿಪ್ರಾಯ. ನಾವು ಕೋಳಿ ಸಾರಿಗೆ ಟೊಮೆಟೊ ಅಥವಾ ಮೊಸರು ಹಾಕುವುದು ಯಾಕೋ ಅವರು ವೈನ್ ಹಾಕುವುದೂ ಅದಕ್ಕೇ.

ಹಾಗಾಗಿ ಬಾಟಲಿ ಬದಲಿಸುವಾಗ ನೋಡಬೇಕಾದ ಮೊದಲ ವಿಷಯ ಬಣ್ಣವೂ ಅಲ್ಲ, ದೇಶವೂ ಅಲ್ಲ, ಸಿಹಿ. ಡ್ರೈ ಬಿಳಿ ವೈನ್ ಕೇಳಿದ ಕಡೆ ಬೇರೆ ಯಾವ ಡ್ರೈ ಬಿಳಿ ವೈನ್ ಹಾಕಿದರೂ ತಟ್ಟೆಯಲ್ಲಿ ವ್ಯತ್ಯಾಸ ಹಿಡಿಯುವುದು ಕಷ್ಟ. ನಂದಿ ಬೆಟ್ಟದ ಸುತ್ತಿನ ವೈನರಿಗಳಲ್ಲಿ ಆಗುವ ಸೊವಿನ್ಯೋ ಬ್ಲಾಂಕ್ ಇದಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಶೆನಿನ್ ಬ್ಲಾಂಕ್ ಆದರೆ ಲೇಬಲ್ ಓದಿ, ಇಲ್ಲಿ ಅದನ್ನು ಸ್ವಲ್ಪ ಸಿಹಿಯಾಗಿ ಮಾಡುವುದೂ ಉಂಟು. ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ ವೈನಿಗೆ ಇನ್ನೊಂದು ಗುಣವಿದೆ. ಅದು ಲ್ಯಾಬ್ರಸ್ಕಾ ಬಳಗದ ದ್ರಾಕ್ಷಿ, ದ್ರಾಕ್ಷಿ ಮಿಠಾಯಿಯಲ್ಲಿ ಬರುವಂಥ ವಾಸನೆ ಅದಕ್ಕಿದೆ. ಜ್ಯೂಸ್‌ಗೆ ಅದು ಸೊಗಸು. ಕೋಳಿಗೆ ನನಗಂತೂ ಹಿಡಿಸಲಿಲ್ಲ.

ಸಿಹಿ ವೈನ್ ಮಾತ್ರವೇ ಇದ್ದರೆ? ಹೇಳಿದ ಅಳತೆಯ ಕಾಲು ಭಾಗ ಹಾಕಿ, ಉಳಿದದ್ದಕ್ಕೆ ಕೋಳಿ ಮೂಳೆ ಬೇಯಿಸಿದ ನೀರು ಸೇರಿಸಿ, ಕೊನೆಯಲ್ಲಿ ನಿಂಬೆರಸದಿಂದ ಸರಿದೂಗಿಸಿ. ಹುಳಿಯನ್ನು ಆಮೇಲೆ ಸೇರಿಸಬಹುದು. ಒಮ್ಮೆ ಹಾಕಿದ ಸಿಹಿಯನ್ನು ತೆಗೆಯುವ ಉಪಾಯ ಇಲ್ಲ.

ಕೆಂಪಿನ ಬದಲು ಬಿಳಿ, ಬಿಳಿಯ ಬದಲು ಕೆಂಪು

ಕೆಂಪು ವೈನ್ ಆಗುವಾಗ ದ್ರಾಕ್ಷಿ ಸಿಪ್ಪೆಯೂ ರಸದ ಜೊತೆ ಹುಳಿಯುತ್ತದೆ. ಹಾಗಾಗಿ ಸಿಪ್ಪೆಯ ಬಣ್ಣ ಮತ್ತು ಟ್ಯಾನಿನ್ ಎರಡೂ ಅದಕ್ಕೆ ಬರುತ್ತವೆ. ಟ್ಯಾನಿನ್ ಎಂದರೆ ಡಿಕಾಕ್ಷನ್ ಹೆಚ್ಚಾದ ಚಹಾ ಕುಡಿದಾಗ ನಾಲಗೆ ಒರಟಾಗುತ್ತದಲ್ಲ, ಆ ಒಗರು. ಅದು ಪ್ರೋಟೀನಿಗೆ ಅಂಟಿಕೊಳ್ಳುವ ಸ್ವಭಾವದ್ದು. ಎಲುಬಿನ ಜೊತೆ ಗಂಟೆಗಟ್ಟಲೆ ಬೇಯುವ ಕೋಳಿಯಲ್ಲಿ ಮಾಂಸದ ಪ್ರೋಟೀನ್ ಮತ್ತು ಎಲುಬಿನಿಂದ ಬಿಟ್ಟ ಜೆಲಾಟಿನ್ ಈ ಒಗರನ್ನು ಹಿಡಿದುಕೊಂಡು ಮೆದು ಮಾಡುತ್ತವೆ. ಹತ್ತು ನಿಮಿಷದಲ್ಲಿ ಮುಗಿಯುವ ಚಿಕನ್ ಬ್ರೆಸ್ಟ್ ಸಾಸಿನಲ್ಲಿ ಆ ಅವಕಾಶವಿಲ್ಲ. ಬತ್ತಿದಷ್ಟೂ ಒಗರು ಏರಿ ಕಹಿಯ ಹತ್ತಿರ ಬರುತ್ತದೆ. ಆದ್ದರಿಂದ ಬೇಗ ಆಗುವ ಅಡುಗೆಗೆ ಬಿಳಿ ಇಲ್ಲದಿದ್ದರೆ ಕೆಂಪು ಹಾಕುವುದು ಒಳ್ಳೆಯ ಬದಲಿ ಅಲ್ಲ. ತುಂಬಾ ಹೊತ್ತು ಬೇಯುವ ಅಡುಗೆಗೆ ಕೆಂಪು ಇಲ್ಲದಿದ್ದರೆ ಬಿಳಿ ಹಾಕಬಹುದು. ಬಣ್ಣ ಹೋಗುತ್ತದೆ, ಊಟ ಹೋಗುವುದಿಲ್ಲ.

ಇನ್ನು ಕೆನೆ. ಕೆಂಪು ವೈನಿನ ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು, ನೇರಳೆಹಣ್ಣಿನಲ್ಲಿ, ಕೆಂಪು ಎಲೆಕೋಸಿನಲ್ಲಿ ಇರುವುದೂ ಇದೇ ಬಳಗ. ಹುಳಿ ಇದ್ದಾಗ ಕೆಂಪಾಗಿ, ಹುಳಿ ಕಡಿಮೆಯಾದಾಗ ನೀಲಿ ಬೂದಿಯ ಕಡೆ ತಿರುಗುತ್ತದೆ. ಕೆನೆ ಬೆರೆಸಿದ ಕೂಡಲೇ ಹುಳಿ ಇಳಿದು ಸಾಸ್ ಸಿಮೆಂಟಿನ ಮೇಲೆ ನೇರಳೆಹಣ್ಣು ಬಿದ್ದ ಬಣ್ಣಕ್ಕೆ ಬರುತ್ತದೆ. ವಿಷವೇನೂ ಅಲ್ಲ, ತಿನ್ನಲು ಮನಸ್ಸು ಬರುವುದಿಲ್ಲ ಅಷ್ಟೆ. ಅಲ್ಸೇಸ್‌ನ ಅಜ್ಜಿಯರಿಗೆ ಆಂಥೋಸಯನಿನ್ ಗೊತ್ತಿರಲಿಲ್ಲ, ಈ ಬಣ್ಣ ಗೊತ್ತಿದ್ದಿರಬೇಕು.

ನಮ್ಮಲ್ಲಿ ಇದಕ್ಕೆ ಮತ್ತೊಂದು ತೊಡಕು ಸೇರುತ್ತದೆ. ವಿದೇಶಿ ಪಾಕವಿಧಾನಗಳು ಹೇಳುವ ಕೆನೆಯಲ್ಲಿ ನೂರಕ್ಕೆ 35 ಭಾಗ ಅಥವಾ ಹೆಚ್ಚು ಕೊಬ್ಬು ಇರುತ್ತದೆ. ನಮ್ಮ ಅಂಗಡಿಯ ಫ್ರೆಶ್ ಕ್ರೀಮ್ ಡಬ್ಬಿಯಲ್ಲಿ ಸಾಮಾನ್ಯವಾಗಿ 25. ಕೊಬ್ಬು ಕಡಿಮೆಯಾದಷ್ಟೂ ಹುಳಿ ಮತ್ತು ಬಿಸಿಗೆ ಒಡೆಯುವ ಸಾಧ್ಯತೆ ಹೆಚ್ಚು. ವೈನ್ ಚೆನ್ನಾಗಿ ಬತ್ತಿದ ಮೇಲೆ ಉರಿ ಸಣ್ಣ ಮಾಡಿ, ಕೆನೆಯನ್ನು ಕೊನೆಗೆ ಸೇರಿಸಿ, ಮತ್ತೆ ಕುದಿಸದೆ ಇಳಿಸಿದರೆ ಉಳಿಯುತ್ತದೆ.

ಮಾರ್ಸಾಲಾ, ಹಳದಿ ವೈನ್, ಶಾವ್‌ಶಿಂಗ್

ಕೆಲವು ಅಡುಗೆಗಳಿಗೆ ಮಾತ್ರ ವೈನಿನ ಹೆಸರೇ ಹೆಸರು. ಚಿಕನ್ ಮಾರ್ಸಾಲಾ ಅಂಥದ್ದು. ಮಾರ್ಸಾಲಾ ಸಿಸಿಲಿ ದ್ವೀಪದ ಬಂದರು, ಅಲ್ಲಿನ ವೈನಿಗೆ ದ್ರಾಕ್ಷಿಯ ಮದ್ಯಸಾರ ಬೆರೆಸಿ ಗಟ್ಟಿ ಮಾಡಿ, ಮರದ ಪೀಪಾಯಿಯಲ್ಲಿ ಹಳೆಯದಾಗಿಸುತ್ತಾರೆ. ಆಲ್ಕೋಹಾಲ್ 17-18 ಭಾಗಕ್ಕೆ ಏರುತ್ತದೆ. ಪೀಪಾಯಿಯಲ್ಲಿ ಗಾಳಿ ತಾಗಿ ಬರುವ ಒಣಹಣ್ಣು, ಕಾಯಿಬೀಜದ ರುಚಿ ಬಿಸಿಗೂ ಬೇಗ ಹೋಗುವುದಿಲ್ಲ. ಇದರ ಜಾಗಕ್ಕೆ ಮಾಮೂಲಿ ಬಿಳಿ ವೈನ್ ಹಾಕಿದರೆ ಬೇರೆ ಖಾದ್ಯವಾಗುತ್ತದೆ. ಹತ್ತಿರದ ಬದಲಿ ಎಂದರೆ ಇದೇ ರೀತಿ ಗಟ್ಟಿ ಮಾಡಿ ಹಳೆಯದಾಗಿಸಿದ ಮದೀರಾ ಅಥವಾ ಶೆರಿ. ಮಾರ್ಸಾಲಾದಲ್ಲೂ ಸಿಹಿಯ ಮೂರು ಹಂತಗಳಿವೆ. ಲೀಟರಿಗೆ 40 ಗ್ರಾಂ ಸಕ್ಕರೆಗಿಂತ ಕಡಿಮೆ ಇರುವುದು 'ಸೆಕ್ಕೊ', ನೂರು ದಾಟಿದ್ದು 'ದೋಲ್ಚೆ'. ಕೋಳಿಗೆ ಸೆಕ್ಕೊ, ಸಿಹಿತಿಂಡಿಗೆ ದೋಲ್ಚೆ ಎಂದು ನೆನಪಿಟ್ಟರೆ ಸಾಕು.

ಜೂರಾದ ಹಳದಿ ವೈನಿನ ಬಗ್ಗೆ ನಮಗೆ ಕುತೂಹಲ ಹುಟ್ಟಿಸುವ ಸಂಗತಿ ಒಂದಿದೆ. ಈ ವೈನನ್ನು ಆರು ವರ್ಷಕ್ಕೂ ಹೆಚ್ಚು ಕಾಲ ಪೀಪಾಯಿಯಲ್ಲಿ ಬಿಡುತ್ತಾರೆ. ಆವಿಯಾದಷ್ಟನ್ನು ಮತ್ತೆ ತುಂಬುವುದಿಲ್ಲ. ಮೇಲೆ ಯೀಸ್ಟಿನ ತೆಳು ಪೊರೆ ಕಟ್ಟಿಕೊಂಡು, ಅದರಡಿ ವೈನ್ ಮಾಗುತ್ತದೆ. ಆಗ ಹುಟ್ಟುವ ಮುಖ್ಯ ವಾಸನೆಗಳಲ್ಲಿ ಒಂದರ ಹೆಸರು ಸೊಟೊಲಾನ್. ನಮ್ಮ ಮೆಂತ್ಯಕ್ಕೆ ಅದರ ವಾಸನೆ ಕೊಡುವುದೂ ಇದೇ ಅಣು. ಹಳದಿ ವೈನ್ ತೀರಾ ದುಬಾರಿ, ನಮ್ಮ ಕಡೆ ಸಿಗುವುದೂ ಅಪರೂಪ. ಯೀಸ್ಟ್ ಪೊರೆಯಡಿಯೇ ಮಾಗುವ ಫೀನೊ ಶೆರಿ ಸಿಕ್ಕರೆ ಒಳ್ಳೆಯದು. ಅದೂ ಇಲ್ಲದಿದ್ದರೆ ಡ್ರೈ ಬಿಳಿ ವೈನಿಗೆ ಹುರಿದ ಮೆಂತ್ಯದ ಪುಡಿ ಒಂದು ಚಿಟಿಕೆ ಹಾಕಿ ನೋಡಿ. ಜೂರಾದವರು ಒಪ್ಪುತ್ತಾರೆಂದು ಹೇಳಲಾರೆ. ನನಗೆ ಒಪ್ಪಿಗೆಯಾಯಿತು.

ಚೀನೀ ಅಡುಗೆಯ ಶಾವ್‌ಶಿಂಗ್ ವೈನ್ ದ್ರಾಕ್ಷಿಯದ್ದಲ್ಲ, ಅಂಟು ಅಕ್ಕಿ ಮತ್ತು ಗೋಧಿಯ ಹುದುಗಿನದು. ಗೋಧಿ ಒಗ್ಗದವರು ಗಮನಿಸಿ. ಅದರ ಬದಲು ಡ್ರೈ ಶೆರಿ ಹಾಕುವುದು ಹಳೆಯ ರೂಢಿ, ರುಚಿಯೂ ಹೊಂದುತ್ತದೆ. ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ರೈಸ್ ವೈನ್ ಎಂದು ಬರೆದ ಕಡೆ ರೈಸ್ ವಿನೆಗರ್ ಹಾಕಿಬಿಡುವುದು. ವಿನೆಗರಿನಲ್ಲಿ ನೂರಕ್ಕೆ ನಾಲ್ಕೈದು ಭಾಗ ಅಸಿಟಿಕ್ ಆಮ್ಲವಿರುತ್ತದೆ, ವೈನಿನ ಆಮ್ಲದ ಏಳೆಂಟು ಪಟ್ಟು. ಅಳತೆಗೆ ಅಳತೆ ಹಾಕಿದರೆ ಕೋಳಿ ಉಪ್ಪಿನಕಾಯಿ ಆಗುತ್ತದೆ. ಎರಡು, 'ಕುಕಿಂಗ್ ವೈನ್' ಎಂಬ ಬಾಟಲಿ. ಕುಡಿಯಲು ಬಾರದಂತೆ ಮಾಡಲು ಅದಕ್ಕೆ ಉಪ್ಪು ಬೆರೆಸಿರುತ್ತಾರೆ. ಹಲವು ದೇಶಗಳಲ್ಲಿ ಅದು ಮದ್ಯದಂಗಡಿಯ ಬದಲು ದಿನಸಿ ಅಂಗಡಿಯಲ್ಲಿ ಸಿಗಲು ಕಾರಣವೇ ಇದು. ನೂರಕ್ಕೆ ಒಂದೂವರೆ ಗ್ರಾಂ ಉಪ್ಪು ಇರುವ ಅಂಥ ವೈನನ್ನು ಅರ್ಧ ಲೀಟರ್ ಬಳಸಿದರೆ ಏಳೂವರೆ ಗ್ರಾಂ ಉಪ್ಪು ಪಾತ್ರೆಗೆ ಬಂತು. ದಿನಕ್ಕೆ ಐದು ಗ್ರಾಂ ಮೀರಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದಲ್ಲೋ ಸಿಂಗಾಪುರದಲ್ಲೋ ಇರುವ ಮಗಳ ಮನೆಗೆ ಹೋದ ಬಿ.ಪಿ. ಇರುವ ಅಪ್ಪ ಅಮ್ಮಂದಿರ ತಟ್ಟೆಗೆ ಇದು ಸದ್ದಿಲ್ಲದೆ ಸೇರುತ್ತದೆ. ಆ ಬಾಟಲಿ ಬಳಸಿದರೆ ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಿ.

ದುಬಾರಿ ವೈನ್ ಹಾಕಿದರೆ ಹೆಚ್ಚು ರುಚಿಯೇ?

"ಕುಡಿಯಲಾಗದ ವೈನನ್ನು ಅಡುಗೆಗೂ ಹಾಕಬೇಡಿ" ಎಂಬ ಮಾತು ಬಹಳ ಪ್ರಸಿದ್ಧ. ಅರ್ಧ ನಿಜ. ಕೆಟ್ಟು ವಿನೆಗರ್ ಆದ ವೈನನ್ನು ಹಾಕಬಾರದು, ಸರಿ. ಆದರೆ ಮೂರು ಸಾವಿರದ ಬಾಟಲಿಯಲ್ಲಿ ನೀವು ದುಡ್ಡು ಕೊಟ್ಟಿದ್ದು ಯಾವ ಸೂಕ್ಷ್ಮ ಪರಿಮಳಕ್ಕೋ ಅದು ಮೊದಲ ಹತ್ತು ನಿಮಿಷದಲ್ಲಿ ಚಿಮಣಿಯಿಂದ ಆಚೆ ಹೋಗಿರುತ್ತದೆ. ಫ್ರಿಜ್ಜಿನಲ್ಲಿ ನಾಲ್ಕೈದು ದಿನದಿಂದ ಇರುವ, ಕುಡಿಯಲು ಸಪ್ಪೆ ಎನಿಸುವ ಅರ್ಧ ಬಾಟಲಿ ಅಡುಗೆಗೆ ಸಾಕು.

ಹಾಗಾದರೆ ವೈನ್ ಕೋಳಿಯನ್ನು ಮೆದು ಮಾಡುವುದಿಲ್ಲವೇ?

ಕಾಕ್ ಒ ವ್ಯಾನ್ ಹುಟ್ಟಿದ್ದು ಮುದಿ ಹುಂಜಕ್ಕೆ. ವಯಸ್ಸಾದ ಹಕ್ಕಿಯ ಸ್ನಾಯುಗಳ ನಡುವೆ ಕೊಲಾಜೆನ್ ಎಂಬ ಗಟ್ಟಿ ನಾರು ಬಲಿತಿರುತ್ತದೆ. ಅದನ್ನು ಕರಗಿಸಿ ಜೆಲಾಟಿನ್ ಮಾಡುವುದು ಸಣ್ಣ ಉರಿ, ನೀರು ಮತ್ತು ಹೊತ್ತು. ವೈನಿನ ಹುಳಿ ಅದಕ್ಕೆ ಸ್ವಲ್ಪ ನೆರವಾಗಬಹುದು, ಅಷ್ಟೆ. ರಾತ್ರಿಯಿಡೀ ನೆನೆಸಿದರೂ ವೈನ್ ಮಾಂಸದೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್.

ಇಂದಿನ ಬ್ರಾಯ್ಲರ್ ಕೋಳಿಗೆ ಐದಾರು ವಾರದ ವಯಸ್ಸು. ಅದರಲ್ಲಿ ಬಲಿತ ನಾರೇ ಇಲ್ಲ. ಹಳೆಯ ಪುಸ್ತಕ ಹೇಳಿದಂತೆ ಎರಡು ಮೂರು ಗಂಟೆ ಬೇಯಿಸಿದರೆ ಎಲುಬಿನಿಂದ ಕಳಚಿ ಹತ್ತಿಯಂತೆ ಒಣಗುತ್ತದೆ. ಆಗ ಜನ ವೈನನ್ನು ಬೈಯುತ್ತಾರೆ. ಬದಲಿಸಬೇಕಾದದ್ದು ಕೋಳಿಯನ್ನು! ನಮ್ಮ ನಾಟಿ ಹುಂಜ ಆ ಫ್ರೆಂಚ್ ಪಾಕವಿಧಾನಕ್ಕೆ ಸೂಪರ್ ಮಾರ್ಕೆಟ್ಟಿನ ಕೋಳಿಗಿಂತ ಹೆಚ್ಚು ಹೊಂದುತ್ತದೆ. ಬ್ರಾಯ್ಲರ್ ಆದರೆ ವೈನನ್ನು ಮೊದಲೇ ಬೇರೆಯಾಗಿ ಬತ್ತಿಸಿಕೊಂಡು, ಕೋಳಿಯನ್ನು ನಲವತ್ತು ನಿಮಿಷಕ್ಕೆ ಮುಗಿಸಿ.

ಆಲ್ಕೋಹಾಲ್ ಎಲ್ಲ ಆವಿಯಾಗುತ್ತದೆ ಎಂಬ ನಂಬಿಕೆ

ಈಗ ಮುಖ್ಯ ವಿಷಯ. ಆಲ್ಕೋಹಾಲ್ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು ನೂರರಲ್ಲಿ. ಹಾಗಾದರೆ ನೀರು ಕುದಿಯುವ ಮೊದಲೇ ಆಲ್ಕೋಹಾಲ್ ಎಲ್ಲ ಹೋಗಿರಬೇಕಲ್ಲ? ಶಾಲೆಯ ಪಾಠದಿಂದ ಈ ತೀರ್ಮಾನಕ್ಕೆ ಬರುವುದು ಸಹಜ. ಆದರೆ ಎರಡೂ ಬೆರೆತಾಗ ಅವು ಬೇರೆ ಬೇರೆಯಾಗಿ ಕುದಿಯುವುದಿಲ್ಲ. ಮಿಶ್ರಣ ಒಟ್ಟಾಗಿ, ನಡುವಿನ ಯಾವುದೋ ಉಷ್ಣತೆಯಲ್ಲಿ ಕುದಿಯುತ್ತದೆ. ಮೇಲೇಳುವ ಆವಿಯಲ್ಲಿ ಆಲ್ಕೋಹಾಲ್ ಪಾಲು ಹೆಚ್ಚು, ಆದರೆ ನೀರೂ ಇರುತ್ತದೆ. ಕುದಿಯುತ್ತಾ ಹೋದಂತೆ ಆಲ್ಕೋಹಾಲ್ ಕಡಿಮೆಯಾಗುತ್ತಾ ಬರುತ್ತದೆ, ನೀರಿರುವ ತನಕ ಪೂರ್ತಿ ಸೊನ್ನೆಯಾಗುವುದು ಬಹಳ ನಿಧಾನ. ಭಟ್ಟಿ ಇಳಿಸುವವರು ಒಂದೇ ಸಲಕ್ಕೆ ಶುದ್ಧ ಆಲ್ಕೋಹಾಲ್ ಪಡೆಯಲಾರದಿರುವುದು ಇದೇ ಕಾರಣಕ್ಕೆ.

ಇದನ್ನು ಅಳೆದೂ ನೋಡಿದ್ದಾರೆ. 1992ರಲ್ಲಿ ಅಮೆರಿಕದ ಡಯಟೆಟಿಕ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮದ್ಯ ಹಾಕಿದ ಆರು ಅಡುಗೆಗಳನ್ನು, ಅದರಲ್ಲಿ ಬರ್ಗಂಡಿ ವೈನಿನ ಕೋಳಿಯೂ ಒಂದು, ಮಾಡಿ ಉಳಿದ ಆಲ್ಕೋಹಾಲ್ ಅಳೆದರು. ಉಳಿದದ್ದು ನೂರಕ್ಕೆ 4ರಿಂದ 85 ಭಾಗ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯೂ ಇದೇ ಚಿತ್ರ ಕೊಡುತ್ತದೆ. ಹದಿನೈದು ನಿಮಿಷ ಬೇಯಿಸಿದರೆ ಹಾಕಿದ್ದರಲ್ಲಿ 40 ಭಾಗ ಉಳಿಯುತ್ತದೆ. ಅರ್ಧ ಗಂಟೆಗೆ 35, ಒಂದು ಗಂಟೆಗೆ 25, ಒಂದೂವರೆ ಗಂಟೆಗೆ 20, ಎರಡೂವರೆ ಗಂಟೆಗೆ 5. ಕುದಿಯುವ ಸಾಸಿಗೆ ಸೇರಿಸಿ ಕೂಡಲೇ ಇಳಿಸಿದರೆ 85. ಹೋಟೆಲುಗಳಲ್ಲಿ ಬೆಂಕಿ ಹಚ್ಚಿ ಧಗ್ಗೆಂದು ಉರಿಸಿ ತೋರಿಸುತ್ತಾರಲ್ಲ, ಅದರಲ್ಲೂ 75 ಭಾಗ ಉಳಿಯುತ್ತದೆ. ಆವಿ ಕಡಿಮೆಯಾದ ತಕ್ಷಣ ಜ್ವಾಲೆ ಆರುತ್ತದೆ, ದ್ರವದೊಳಗಿನ ಆಲ್ಕೋಹಾಲ್ ಅಲ್ಲೇ ಇರುತ್ತದೆ.

ಈ ಸಂಖ್ಯೆಗಳು ಎಲ್ಲರ ಅಡುಗೆಮನೆಗೂ ಹಾಗೆಯೇ ಹೊಂದುವುದಿಲ್ಲ. ಅಗಲ ಬಾಣಲೆಯಲ್ಲಿ ಬೇಗ ಹೋಗುತ್ತದೆ, ಕಿರಿದಾದ ಆಳದ ಪಾತ್ರೆಯಲ್ಲಿ ನಿಧಾನ. ಮುಚ್ಚಳ ಮುಚ್ಚಿದರೆ ಆವಿ ತಣಿದು ಮತ್ತೆ ಒಳಗೇ ಬೀಳುತ್ತದೆ. ನಮ್ಮ ಪ್ರೆಷರ್ ಕುಕ್ಕರಿನಲ್ಲಿ ಹೊರಹೋಗುವ ದಾರಿ ಇನ್ನೂ ಚಿಕ್ಕದು. ಕುಕ್ಕರಿನಲ್ಲಿ ಮಾಡುವವರು ವೈನನ್ನು ಮೊದಲು ತೆರೆದ ಪಾತ್ರೆಯಲ್ಲಿ ಚೆನ್ನಾಗಿ ಬತ್ತಿಸಿಕೊಳ್ಳಬೇಕು.

ತಟ್ಟೆಗೆ ಎಷ್ಟು ಬರುತ್ತದೆ? 13 ಭಾಗ ಆಲ್ಕೋಹಾಲ್ ಇರುವ 750 ಮಿ.ಲೀ. ಬಾಟಲಿಯಲ್ಲಿ ಸುಮಾರು 77 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಷ್ಟನ್ನೂ ಹಾಕಿ ಒಂದೂವರೆ ಗಂಟೆ ಬೇಯಿಸಿ ಆರು ಜನ ಉಂಡರೆ ತಲಾ ಎರಡೂವರೆ ಗ್ರಾಂ. ಇನ್ನೊಂದು ಅಡುಗೆ ನೋಡಿ. ಇಬ್ಬರಿಗೆ ಚಿಕನ್ ಬ್ರೆಸ್ಟ್, ಅದಕ್ಕೆ ಅರ್ಧ ಕಪ್ ವೈನ್ ಮಾತ್ರ, ಆದರೆ ಕೊನೆಯಲ್ಲಿ ಸೇರಿಸಿ ಒಂದು ಕುದಿ ಬಂದ ಕೂಡಲೇ ಇಳಿಸಿದ್ದು. ಹಾಕಿದ 12 ಗ್ರಾಂನಲ್ಲಿ 10 ಗ್ರಾಂ ಉಳಿಯಿತು, ತಲಾ ಐದು. ಇಡೀ ಬಾಟಲಿ ಹಾಕಿದ ಅಡುಗೆಗಿಂತ ಅರ್ಧ ಕಪ್ ಹಾಕಿದ ಅಡುಗೆಯಲ್ಲಿ ತಲೆಗೆ ಎರಡು ಪಟ್ಟು! ಟೇಬಲ್ ವೈನಿನ ಬದಲು ಮಾರ್ಸಾಲಾ ಹಾಕಿದರೆ ಇನ್ನೂ ಹೆಚ್ಚು. ಚೀನಾದ 'ಕುಡುಕ ಕೋಳಿ'ಯಂತೂ ಬೇಯಿಸಿ ತಣಿಸಿದ ಕೋಳಿಯನ್ನು ವೈನಿನಲ್ಲಿ ನೆನೆಹಾಕುವ ಖಾದ್ಯ, ಅಲ್ಲಿ ಆವಿಯ ಮಾತೇ ಇಲ್ಲ.

ಐದು ಗ್ರಾಂ ಎಂದರೆ ಅರ್ಧ ಗ್ಲಾಸ್ ಬಿಯರಿಗಿಂತ ಕಡಿಮೆ. ಹೆಚ್ಚಿನ ವಯಸ್ಕರಿಗೆ ಇದರಿಂದ ಅಮಲೇನೂ ಏರದು. ಹಣ್ಣಾದ ಬಾಳೆಯಲ್ಲೂ, ಬ್ರೆಡ್ಡಿನಲ್ಲೂ ಅಲ್ಪಸ್ವಲ್ಪ ಆಲ್ಕೋಹಾಲ್ ಇರುತ್ತದೆ ಎಂದು ವಾದಿಸುವವರಿದ್ದಾರೆ, ಅದೂ ನಿಜ. ಆದರೆ ಎಲ್ಲರೂ ಆ 'ಹೆಚ್ಚಿನವರ' ಸಾಲಿನಲ್ಲಿ ಇರುವುದಿಲ್ಲ.

ಕುಡಿತ ಬಿಡಿಸಲು ನಮ್ಮಲ್ಲಿ ವೈದ್ಯರು ಬಹಳ ಕಾಲದಿಂದ ಕೊಡುತ್ತಿರುವ ಒಂದು ಮಾತ್ರೆ ಡೈಸಲ್ಫಿರಾಮ್. ದೇಹದಲ್ಲಿ ಆಲ್ಕೋಹಾಲ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ಪದಾರ್ಥವಾಗಿ, ಆಮೇಲೆ ನಿರಪಾಯಕಾರಿಯಾಗಿ ಬದಲಾಗುತ್ತದೆ. ಈ ಮಾತ್ರೆ ಎರಡನೆಯ ಹೆಜ್ಜೆಯನ್ನು ತಡೆಯುತ್ತದೆ. ಮಾತ್ರೆ ತೆಗೆದುಕೊಳ್ಳುವವರ ಹೊಟ್ಟೆಗೆ ಆಲ್ಕೋಹಾಲ್ ಸೇರಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಕೆಲವರಲ್ಲಿ ಆಸ್ಪತ್ರೆಗೆ ಓಡುವಷ್ಟು. ಅದಕ್ಕೇ ವೈದ್ಯರು ಕೆಮ್ಮಿನ ಸಿರಪ್ಪು, ಮದ್ಯ ಹಾಕಿದ ಸಾಸುಗಳನ್ನೂ ಬಿಡಲು ಹೇಳುತ್ತಾರೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಈ ಎಚ್ಚರ ಬೇಕು. ಬಿಟ್ಟು ವರ್ಷಗಳಾದವರಿಗೂ ವೈನಿನ ವಾಸನೆಯೇ ಹಳೆಯ ಚಪಲವನ್ನು ಕೆದಕಬಹುದು. ಗರ್ಭಿಣಿಯರು, ಚಿಕ್ಕ ಮಕ್ಕಳು, ಧರ್ಮದ ಕಾರಣಕ್ಕೆ ಮದ್ಯ ಮುಟ್ಟದವರು ಬೇರೆಯೇ ಇದ್ದಾರೆ.

ಒಂದು ಮನೆಯ ಔತಣದಲ್ಲಿ ನಮ್ಮ ಬಂಧುವೊಬ್ಬರು "ಇದರಲ್ಲಿ ವೈನ್ ಇದೆಯಾ?" ಎಂದು ಕೇಳಿದ್ದು ನೆನಪಿದೆ. "ಇದೆ ಅಣ್ಣ, ಆದ್ರೆ ಎಲ್ಲ ಆವಿಯಾಗಿ ಹೋಗಿರುತ್ತೆ, ಹೆದರಬೇಡಿ" ಎಂದರು ಮನೆಯವರು, ಪ್ರೀತಿಯಿಂದಲೇ. ಅವರು ಮಾತ್ರೆಯಲ್ಲಿದ್ದರು. ಅದನ್ನು ಹತ್ತು ಜನರ ಮುಂದೆ ಹೇಳುವಂತಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಮೊಸರನ್ನ ಉಂಡು ಎದ್ದರು. ಗೊತ್ತಿದ್ದವರು ನಾವಿಬ್ಬರೇ. ಆತಿಥೇಯರು "ಇದರಲ್ಲಿ ವೈನಿದೆ, ಅದರಲ್ಲಿ ಇಲ್ಲ" ಎಂದು ಕೇಳುವ ಮುಂಚೆಯೇ ಹೇಳಿಬಿಟ್ಟಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ.

ವೈನನ್ನೇ ಬಿಟ್ಟು ಮಾಡುವುದಾದರೆ

ವೈನಿನ ಮುಖ್ಯ ಕೆಲಸ ಹುಳಿ ಕೊಡುವುದು ಎಂದೆವಲ್ಲ. ಆ ಹುಳಿಯಲ್ಲಿ ದೊಡ್ಡ ಪಾಲು ಟಾರ್ಟಾರಿಕ್ ಆಮ್ಲದ್ದು. ಹಣ್ಣುಗಳ ಲೋಕದಲ್ಲಿ ಈ ಆಮ್ಲ ಅಷ್ಟು ಸಾಮಾನ್ಯವಲ್ಲ. ನಿಂಬೆಯಲ್ಲಿ ಇರುವುದು ಸಿಟ್ರಿಕ್, ಸೇಬಿನಲ್ಲಿ ಮ್ಯಾಲಿಕ್. ಟಾರ್ಟಾರಿಕ್ ಆಮ್ಲ ಹೇರಳವಾಗಿರುವುದು ದ್ರಾಕ್ಷಿಯಲ್ಲಿ ಮತ್ತು ನಮ್ಮ ಹುಣಸೆಯಲ್ಲಿ! ಬರ್ಗಂಡಿಯ ಪಾತ್ರೆಯಲ್ಲಿರುವ ಹುಳಿ ನಮ್ಮ ಸಾರಿನ ಚಟ್ಟಿಯಲ್ಲಿ ಮೊದಲಿನಿಂದಲೂ ಇದೆ.

ಹಾಗೆಂದು ಚಿಕನ್ ಮಾರ್ಸಾಲಾಗೆ ಹುಣಸೆರಸ ಹಿಂಡಿದರೆ ಅದು ಹುಳಿಸಾರಾದೀತು, ಹುಣಸೆಗೆ ತನ್ನದೇ ಆದ ಗಟ್ಟಿ ರುಚಿಯಿದೆ. ಅಳತೆ ಚಿಕ್ಕದಿರಲಿ. ಅರ್ಧ ಕಪ್ ವೈನಿನಲ್ಲಿ ಇರುವ ಒಟ್ಟು ಆಮ್ಲ ಮುಕ್ಕಾಲು ಗ್ರಾಮಿನಷ್ಟು. ಕೆಂಪು ವೈನಿನ ಅಡುಗೆಗೆ, ಅರ್ಧ ಕಪ್ ವೈನಿನ ಜಾಗದಲ್ಲಿ ಅರ್ಧ ಕಪ್ ಗಟ್ಟಿಯಾದ ಕೋಳಿ ಸ್ಟಾಕ್, ಅದಕ್ಕೆ ಕಡಲೆಕಾಳಿನ ಗಾತ್ರದ ಒಂದೆರಡು ಉಂಡೆ ಹುಣಸೆ ಕಿವುಚಿದ ರಸ, ಒಗರಿಗೆ ಒಂದೆರಡು ಚಮಚ ಹಾಲಿಲ್ಲದ ಚಹಾ ಡಿಕಾಕ್ಷನ್. ಚಹಾ ಎಂದರೆ ನಗಬೇಡಿ, ಅದರಲ್ಲಿರುವುದೂ ಟ್ಯಾನಿನ್ ಬಳಗದ ಒಗರೇ. ಬಿಳಿ ವೈನಿನ ಅಡುಗೆಗೆ ಹುಣಸೆ ಬೇಡ, ಬಣ್ಣ ಕೆಡಿಸುತ್ತದೆ. ಅಲ್ಲಿ ಅಷ್ಟೇ ಸ್ಟಾಕ್‌ಗೆ ಎರಡೂವರೆ ಟೀ ಚಮಚ ನಿಂಬೆರಸ ಸಾಕು, ಅದನ್ನೂ ಇಳಿಸುವ ಹೊತ್ತಿಗೆ. ನಿಂಬೆಯನ್ನು ಬಹಳ ಹೊತ್ತು ಕುದಿಸಿದರೆ ಕಹಿ ಬರುತ್ತದೆ.

ವಿನೆಗರ್ ಬಳಸುವುದಾದರೂ ಅಷ್ಟೇ ಅಳತೆ, ಅರ್ಧ ಕಪ್ ಅಲ್ಲ. ದ್ರಾಕ್ಷಿ ಜ್ಯೂಸ್ ಹಾಕಿ ಎಂದು ಹಲವರು ಸಲಹೆ ಕೊಡುತ್ತಾರೆ. ಅದರಲ್ಲಿ ಲೀಟರಿಗೆ 150 ಗ್ರಾಂ ಸಕ್ಕರೆ, ಪೋರ್ಟ್ ವೈನಿಗಿಂತಲೂ ಹೆಚ್ಚು. ನನ್ನ ಜಾಮಿನ ಕತೆ ಮರುಕಳಿಸುತ್ತದೆ. 'ಆಲ್ಕೋಹಾಲ್ ಇಲ್ಲದ ವೈನ್' ಎಂದು ಮಾರುವ ಬಾಟಲಿಗಳಲ್ಲಿ ಹಲವು ದೇಶಗಳ ನಿಯಮದಂತೆ ನೂರಕ್ಕೆ ಅರ್ಧ ಭಾಗದವರೆಗೆ ಆಲ್ಕೋಹಾಲ್ ಇರಬಹುದು. ಡೈಸಲ್ಫಿರಾಮ್ ತೆಗೆದುಕೊಳ್ಳುವವರು ಅದನ್ನೂ ವೈದ್ಯರನ್ನು ಕೇಳಿಯೇ ಬಳಸಬೇಕು.

ಪಾತ್ರೆಯ ವಿಷಯ ಒಂದು ಉಳಿಯಿತು. ವೈನಾಗಲಿ ಹುಣಸೆಯಾಗಲಿ, ಬರೀ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿಯನ್ನು ಗಂಟೆಗಟ್ಟಲೆ ಕುದಿಸಿದರೆ ಲೋಹದ ರುಚಿ ಇಳಿಯುತ್ತದೆ. ಸ್ಟೀಲ್ ಪಾತ್ರೆಯೇ ಇರಲಿ, ಇಲ್ಲವೇ ಹುಳಿಸಾರಿಗೆ ಅಜ್ಜಿ ಬಳಸುತ್ತಿದ್ದ ಮಣ್ಣಿನ ಮಡಕೆ.